ಬಿಲ್ಡರ್ ಬರುವ ಮೊದಲು: ಚಾಳಿನ ಬಾಡಿಗೆದಾರರು ಸೊಸೈಟಿ ಕಟ್ಟುವುದು ಹೇಗೆ?

ಮುಂಬೈಯ ಹಳೆ ಚಾಳುಗಳಲ್ಲಿ, ಅಂದರೆ ಒಂದೊಂದು ಖೋಲಿಯ (ಕೋಣೆಯ) ಬಾಡಿಗೆ ಮನೆಗಳ ಕಟ್ಟಡಗಳಲ್ಲಿ, ಒಂದು ಕ್ರಮ ನಡೆದುಕೊಂಡು ಬಂದಿದೆ. ಮೊದಲು ಬಿಲ್ಡರ್ ಬರುತ್ತಾನೆ. ಗಣಪತಿ ಪೆಂಡಾಲಿಗೆ ದೇಣಿಗೆ ಕೊಡುತ್ತಾನೆ, ಬಣ್ಣಬಣ್ಣದ ಬ್ರೋಷರ್ ಹಂಚುತ್ತಾನೆ. ಆಮೇಲೆ ಅವನ ಆಫೀಸಿನ ಹುಡುಗ ಖೋಲಿ ಖೋಲಿಗೆ ಬಂದು ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಎಲ್ಲ ಮುಗಿದ ಮೇಲೆ, ಅವನೇ ತಂದ ಫಾರ್ಮಿನಲ್ಲಿ ಬಾಡಿಗೆದಾರರ ಸೊಸೈಟಿ, ಅಂದರೆ ಸಹಕಾರಿ ವಸತಿ ಸಂಘ, ಹುಟ್ಟುತ್ತದೆ. ಹೀಗೆ ಹುಟ್ಟಿದ ಸೊಸೈಟಿ ಯಾರ ಮಾತು ಕೇಳುತ್ತದೆ ಅಂತ ಬಿಡಿಸಿ ಹೇಳಬೇಕಾ?

ಈ ಕ್ರಮ ತಲೆಕೆಳಗಾಗಿದೆ. ಸೊಸೈಟಿ ಮೊದಲು ಆಗಬೇಕು, ಬಿಲ್ಡರ್ ಕೊನೆಗೆ. ಸೊಸೈಟಿಗಿಂತಲೂ ಮೊದಲು ಆಗಬೇಕಾದ್ದು ಒಂದು ಪಟ್ಟಿ. ಯಾರು, ಯಾವ ಖೋಲಿ, ಎಷ್ಟು ಜಾಗ, ಯಾವ ಕಾಗದ. ಈ ಪಟ್ಟಿ ಬಾಡಿಗೆದಾರರ ಕೈಯಲ್ಲಿದ್ದರೆ ಮುಂದಿನ ಮಾತುಕತೆ ಅವರ ಹಿಡಿತದಲ್ಲಿರುತ್ತದೆ. ಬಿಲ್ಡರ್ ಕೈಯಲ್ಲಿದ್ದರೆ ಅವನ ಹಿಡಿತದಲ್ಲಿ.

ಮೂರು ತಲೆಮಾರಿನಿಂದ ಪಗಡಿ ಖೋಲಿಯಲ್ಲಿ (ಮೊದಲೇ ದೊಡ್ಡ ಮೊತ್ತ ಕೊಟ್ಟು, ಆಮೇಲೆ ಚಿಕ್ಕ ಬಾಡಿಗೆ ಕಟ್ಟುವ ಖೋಲಿ) ಬಾಳಿದವರು ತಮ್ಮ ಬೀದಿಯಲ್ಲೇ ಉಳಿಯಬೇಕು, ಜಾಗ ಅವರೆಲ್ಲರ ಒಟ್ಟು ಹೆಸರಿಗೆ ಬರಬೇಕು. ಅದಕ್ಕೆ ಏನು ಮಾಡಬೇಕು ಎಂಬುದನ್ನು ಹಂತಹಂತವಾಗಿ ಬರೆದಿದ್ದೇನೆ. ಫೋರ್ಟ್, ಗಿರ್ಗಾಂವ್, ಪರೇಲ್, ಮಾಟುಂಗ ಕಡೆಯ ಕನ್ನಡದವರಿಗೆ ನೇರವಾಗಿ ಬೇಕಾಗುತ್ತದೆ. ಅಪ್ಪನ ಹೆಸರಲ್ಲಿ ಮುಂಬೈಯಲ್ಲೊಂದು ಖೋಲಿ ಇಟ್ಟುಕೊಂಡು ಉಡುಪಿ, ಕುಂದಾಪುರದ ಕಡೆ ಕೂತವರೂ ಓದಿ. ನಿಮಗಾಗಿಯೇ ಒಂದು ಎಚ್ಚರಿಕೆ ಇದೆ.

ಹಂತ 1: ಕಟ್ಟಡದ ಜಾತಕ

ಎರಡು ವಿಷಯ ತಿಳಿದುಕೊಳ್ಳಿ. ಒಂದು, ನಿಮ್ಮದು ಸೆಸ್ ಬಿಲ್ಡಿಂಗಾ, ಅಂದರೆ ದುರಸ್ತಿಗೆಂದು ಸೆಸ್ ತೆರಿಗೆ ಕಟ್ಟುವ ಹಳೆ ಕಟ್ಟಡವಾ ಅಂತ. ಸೆಸ್ ಬಿಲ್ಡಿಂಗುಗಳು ಇರುವುದು ದ್ವೀಪ ನಗರದಲ್ಲಿ (ಉಪನಗರ ಬಿಟ್ಟು, ಮಾಹಿಮ್, ಸಾಯನ್‌ವರೆಗಿನ ಹಳೆ ಮುಂಬೈ) ಮಾತ್ರ. 1940ರ ಸೆಪ್ಟೆಂಬರ್ 1ಕ್ಕಿಂತ ಹಿಂದಿನದು ಎ ವರ್ಗ, ಅಲ್ಲಿಂದ 1950ರ ಕೊನೆಯವರೆಗಿನದು ಬಿ, 1951ರಿಂದ 1969ರ ಸೆಪ್ಟೆಂಬರ್ 30ರವರೆಗಿನದು ಸಿ. ನಿಮ್ಮದು ಇವುಗಳಲ್ಲಿ ಒಂದಾದರೆ ನಿಮ್ಮ ಆಫೀಸು ಮ್ಹಾಡಾದ (ರಾಜ್ಯದ ವಸತಿ ಪ್ರಾಧಿಕಾರದ) ಕಟ್ಟಡ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿ. ಉಪನಗರದ ಪಗಡಿ ಕಟ್ಟಡಗಳ ದಾರಿ ಬೇರೆ, ಅದನ್ನು ಇಲ್ಲಿ ಹೇಳುತ್ತಿಲ್ಲ.

ಎರಡು, ಜಾಗ ಯಾರದ್ದು? ಸಿಟಿ ಸರ್ವೆ ಕಚೇರಿಯಲ್ಲಿ ಸಿ.ಎಸ್. ನಂಬರ್ (ಜಾಗದ ಸರ್ವೆ ನಂಬರ್) ಕೊಟ್ಟು ಪ್ರಾಪರ್ಟಿ ಕಾರ್ಡ್, ಅಂದರೆ ಜಾಗದ ಮಾಲೀಕತ್ವದ ದಾಖಲೆ, ತೆಗೆಸಿ. ಬಾಡಿಗೆ ವಸೂಲಿಗೆ ಬರುವ ಮೆಹ್ತಾಜಿ ಯಾರ ಹೆಸರು ಹೇಳುತ್ತಾನೋ ಅವರೇ ಮಾಲೀಕರು ಅಂದುಕೊಳ್ಳಬೇಡಿ. ಕಾರ್ಡಿನಲ್ಲಿ ಎಂದೋ ತೀರಿಹೋದ ಸೇಠ್ ಹೆಸರಿರಬಹುದು, ಟ್ರಸ್ಟ್ ಇರಬಹುದು, ಜಾಗವೇ ಪಾಲಿಕೆಯ ಲೀಸ್ ಆಗಿರಬಹುದು. ಇದು ಒಂದು ಅರ್ಜಿಯ ಕೆಲಸ. ಏಜೆಂಟಿಗೆ ದುಡ್ಡು ಕೊಡಬೇಡಿ.

ಹಂತ 2: ಪಟ್ಟಿ

ಜನ ಎಡವುವುದೇ ಇಲ್ಲಿ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಒಂದು ದಪ್ಪ ಲೆಡ್ಜರ್ ಬುಕ್ ತನ್ನಿ. ಎಕ್ಸೆಲ್ ಶೀಟ್ ಆಮೇಲೆ ಮಾಡಿಕೊಳ್ಳಬಹುದು. ಮೊದಲ ಸಲ ಬುಕ್ಕಿನಲ್ಲೇ, ಪೆನ್ನಿನಲ್ಲೇ, ಆಯಾ ಮನೆಯವರ ಎದುರೇ ಬರೆಯಬೇಕು ಎಂಬುದು ನನ್ನ ಹಟ. ಫೋನಿನಲ್ಲಿ ತುಂಬಿದ ಪಟ್ಟಿಯನ್ನು ರಾತ್ರಿ ಯಾರೋ ಬದಲಿಸಿದರು ಅನ್ನುವ ಅನುಮಾನ ಒಮ್ಮೆ ಹುಟ್ಟಿದರೆ ಚಾಳು ಎರಡು ಪಾರ್ಟಿಯಾಗುತ್ತದೆ. ಒಂದು ಖೋಲಿಗೆ ಒಂದು ಪುಟ. ಪುಟಕ್ಕೆ ಮೊದಲೇ ನಂಬರ್ ಹಾಕಿ. ಕೊನೆಗೆ ಮನೆಯವರ ಸಹಿ, ಪಕ್ಕದ ಖೋಲಿಯವರ ಸಾಕ್ಷಿ ಸಹಿ.

ಪುಟದಲ್ಲಿ ಮೊದಲ ಸಾಲು ರಸೀದಿ ಯಾರ ಹೆಸರಲ್ಲಿದೆ ಎಂಬುದು. ತೊಡಕು ಶುರುವಾಗುವುದೂ ಅಲ್ಲೇ. ಎರಡನೇ ಮಾಳಿಗೆಯ ಕೊನೆಯ ಖೋಲಿ ಅಂದುಕೊಳ್ಳಿ. ರಸೀದಿ ಅಜ್ಜನ ಹೆಸರಲ್ಲಿದೆ. ಅಜ್ಜ ತೀರಿಕೊಂಡು ಕಾಲವಾಗಿದೆ. ಕರೆಂಟ್ ಬಿಲ್ ದೊಡ್ಡಪ್ಪನ ಹೆಸರಲ್ಲಿ, ರೇಷನ್ ಕಾರ್ಡ್ ಅಪ್ಪನ ಹೆಸರಲ್ಲಿ. ಈಗ ಇರುವವರು ವಿಧವೆ ಸೊಸೆ ಮತ್ತು ಅವರ ಮಗ. ದೊಡ್ಡಪ್ಪನ ಮಕ್ಕಳು ಡೊಂಬಿವಲಿಯಲ್ಲಿದ್ದಾರೆ. ಹೊಸ ಫ್ಲ್ಯಾಟ್ ಸುದ್ದಿ ಕೇಳಿದ ವಾರವೇ ಅವರಿಗೂ ಹಳೆ ಚಾಳಿನ ನೆನಪಾಗುತ್ತದೆ.

ಕಾನೂನು ಏನು ಹೇಳುತ್ತದೆ? 2000ನೇ ಇಸವಿ ಮಾರ್ಚ್ 31ರಿಂದ ಜಾರಿಯಲ್ಲಿರುವ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ, ಬಾಡಿಗೆದಾರ ತೀರಿಕೊಂಡಾಗ ಅವರ ಜೊತೆ ಅದೇ ಮನೆಯಲ್ಲಿ ವಾಸವಿದ್ದ ಕುಟುಂಬದವರಿಗೆ ಬಾಡಿಗೆ ಹಕ್ಕು ಮುಂದುವರಿಯುತ್ತದೆ. ಅವರೊಳಗೆ ಒಮ್ಮತವಾಗದಿದ್ದರೆ ಕೋರ್ಟ್ ತೀರ್ಮಾನಿಸುತ್ತದೆ. ಇದು ಸ್ವಂತ ಆಸ್ತಿಯ ಪಾಲಿನ ಹಾಗಲ್ಲ. ಮುಖ್ಯವಾಗುವುದು ಸಾವಿನ ಹೊತ್ತಿನಲ್ಲಿ ಅಲ್ಲಿ ವಾಸವಿದ್ದವರು ಯಾರು ಎಂಬುದು. ಹಾಗಾಗಿ ಮರಣ ಪತ್ರ, ಆ ವರ್ಷದ ಸುಮಾರಿನ ರೇಷನ್ ಕಾರ್ಡ್, ಮತದಾರರ ಪಟ್ಟಿ, ಮಕ್ಕಳ ಶಾಲೆಯ ದಾಖಲೆ, ಎಲ್ಲ ಒಂದು ಕವರಿನಲ್ಲಿ ಹಾಕಿಡಿ. ಮನೆಯೊಳಗಿನ ಜಗಳವನ್ನು ಸೊಸೈಟಿ ಬಗೆಹರಿಸಲು ಹೋಗಬಾರದು. ಪುಟದಲ್ಲಿ ‘ತಕರಾರು ಇದೆ’ ಎಂದು ಬರೆದು, ಎರಡೂ ಕಡೆಯವರ ಹೆಸರು ನಮೂದಿಸಿ, ಮುಂದಿನ ಖೋಲಿಗೆ ಹೋಗಿ. ಒಂದು ಮನೆಯ ತಕರಾರಿಗೆ ಇಡೀ ಚಾಳು ವರ್ಷಗಟ್ಟಲೆ ನಿಂತಿದ್ದನ್ನು ನೋಡಿದ್ದೇನೆ. ಸುಮ್ನೆ ವ್ಯರ್ಥ.

ಸೇಠ್ ಕಡೆಯವರು ರಸೀದಿಯನ್ನೇ ಕೊಡುತ್ತಿಲ್ಲ ಎಂಬ ದೂರು ಎಲ್ಲೆಡೆ ಇದೆ. ರಸೀದಿ ಕೊಡುವುದು ಕಾನೂನಿನಂತೆ ಕಡ್ಡಾಯ. ಕೊಡದಿದ್ದರೆ ಬಾಡಿಗೆ ನಿಲ್ಲಿಸಿಬಿಡಬೇಡಿ, ಅವರಿಗೆ ಬೇಕಾದ್ದೂ ಅದೇ. ಅಂಚೆಯಲ್ಲಿ ಚೆಕ್ಕೋ ಮನಿ ಆರ್ಡರೋ ಕಳಿಸಿ. ತಿರಸ್ಕರಿಸಿದರೆ ವಾಪಸ್ ಬಂದ ಲಕೋಟೆಯನ್ನು ಒಡೆಯದೆ ಹಾಗೇ ಇಟ್ಟುಕೊಳ್ಳಿ. ಬಾಡಿಗೆ ಬಾಕಿ ಎಂದು ಮಾಲೀಕರು ಕೇಸು ಹಾಕಬೇಕಾದರೆ ಮೊದಲು ಲಿಖಿತ ನೋಟಿಸ್ ಕೊಟ್ಟು 90 ದಿನ ಕಾಯಬೇಕು. ಆ ನೋಟಿಸ್ ಬಂದ ದಿನವೇ ವಕೀಲರ ಹತ್ತಿರ ಹೋಗಿ.

ಇನ್ನೊಂದು ಮಾತು. ಹಳೆ ರಸೀದಿಗಳನ್ನು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಸ್ಟೇಷನ್ ಎದುರಿನ ಅಂಗಡಿಯಲ್ಲಿ ಬಿಸಿ ಪ್ಲಾಸ್ಟಿಕ್ ಒತ್ತಿಸಿ ತಂದರೆ ಶಾಯಿ ಹರಡುತ್ತದೆ, ರೆವೆನ್ಯೂ ಸ್ಟ್ಯಾಂಪಿನ ಮೇಲಿನ ಸಹಿ ಮಸುಕಾಗುತ್ತದೆ. ಅಸಲಿಯಾ ಎಂದು ಕೇಳುವವರಿಗೆ ಕಾಗದದ ಹಿಂಬದಿ ತೋರಿಸಲೂ ಆಗುವುದಿಲ್ಲ. ಪಾರದರ್ಶಕ ಫೋಲ್ಡರ್ ಸಾಕು.

ಈಗ ಊರಿಗೆ ಹೋಗಿ ನೆಲೆಸಿದವರಿಗೆ ಎಚ್ಚರಿಕೆ. ಸಕಾರಣವಿಲ್ಲದೆ ಸತತ ಆರು ತಿಂಗಳು ಖೋಲಿಯನ್ನು ಬಳಸದೆ ಬಿಟ್ಟರೆ, ಅದೇ ಕಾರಣಕ್ಕೆ ತೆರವು ಮಾಡಿಸಲು ಮಾಲೀಕರು ಕೇಸು ಹಾಕಬಹುದು. ಬೀಗ ಹಾಕಿ, ಬಾಡಿಗೆ ಮಾತ್ರ ತಪ್ಪದೆ ಕಟ್ಟುತ್ತಿದ್ದೇವಲ್ಲ ಎಂಬ ಸಮಾಧಾನ ಸಾಲದು. ಪರಿಚಯದ ಹುಡುಗನನ್ನು ಕೂರಿಸಿ ಬಾಡಿಗೆ ತೆಗೆದುಕೊಳ್ಳುವುದು ಇನ್ನೂ ಕೆಟ್ಟದ್ದು. ಅದು ಒಳಬಾಡಿಗೆ, ತೆರವಿಗೆ ಮತ್ತೊಂದು ನೆಪ. ಮನೆಯವರೇ ಬಂದು ಹೋಗಿ ಮಾಡಬೇಕು, ಕರೆಂಟ್ ಬಿಲ್ಲಿನಲ್ಲಿ ಯೂನಿಟ್ ಕಾಣಬೇಕು.

ಹಂತ 3: ಅಳತೆ

ಅಳತೆಗೆ ಬೇಕಾದ್ದು ಲೋಹದ ಟೇಪು, ಇಬ್ಬರು ಜನ. ಫೋನಿನ ಕ್ಯಾಮೆರಾದಲ್ಲಿ ಅಳೆಯುವ ಆ್ಯಪ್‌ಗಳನ್ನು ನಂಬಬೇಡಿ. ಹತ್ತು ಅಡಿಯ ಖೋಲಿಯಲ್ಲಿ ಅರ್ಧ ಅಡಿ ಹೆಚ್ಚುಕಮ್ಮಿ ತೋರಿಸಿದರೂ ಜಗಳಕ್ಕೆ ಸಾಕು. ಗೋಡೆಯ ಗಿಲಾವಿನಿಂದ ಗಿಲಾವಿಗೆ ಅಳೆಯಿರಿ. ಮೋರಿಯನ್ನು (ಖೋಲಿಯೊಳಗಿನ ಸ್ನಾನ, ಪಾತ್ರೆ ತೊಳೆಯುವ ಮೂಲೆ) ಲೆಕ್ಕದೊಳಗೆ ಸೇರಿಸಿ. ಅಟ್ಟವನ್ನೂ ಸ್ವಂತಕ್ಕೆ ಮುಚ್ಚಿಕೊಂಡ ಗ್ಯಾಲರಿಯನ್ನೂ ಬೇರೆ ಸಾಲಿನಲ್ಲಿ ಬರೆಯಿರಿ. ಅನಧಿಕೃತವಾಗಿ ಕಟ್ಟಿಕೊಂಡದ್ದು ಲೆಕ್ಕಕ್ಕೆ ಬರುವುದಿಲ್ಲ.

ಅಳತೆಯ ಜಗಳ ಎಷ್ಟೋ ಕಡೆ ಅನಗತ್ಯ ಎಂಬುದು ಜನರಿಗೆ ಗೊತ್ತೇ ಇರುವುದಿಲ್ಲ. ಸೆಸ್ ಬಿಲ್ಡಿಂಗ್ ಮರುನಿರ್ಮಾಣಕ್ಕೆ ಅನ್ವಯಿಸುವುದು ಅಭಿವೃದ್ಧಿ ನಿಯಮಾವಳಿಯ 33(7). ಅದರಂತೆ ವಾಸದ ಖೋಲಿಗೆ ಹಳೆಯಷ್ಟೇ ಕಾರ್ಪೆಟ್ ಜಾಗ (ಗೋಡೆ ಬಿಟ್ಟು ಒಳಗೆ ಬಳಸುವ ಜಾಗ) ಸಿಗಬೇಕು, ಅದು 300 ಚದರಡಿಗಿಂತ ಕಡಿಮೆ ಇರುವಂತಿಲ್ಲ. ಅಂದರೆ 120 ಚದರಡಿಯ ಖೋಲಿಗೂ 300, 180ರ ಖೋಲಿಗೂ 300. ಇವರಿಬ್ಬರು ಒಂದು ಅಡಿಗಾಗಿ ಮಾತು ಬಿಡುವುದು ಯಾಕೆ?

ಅಳತೆ ನಿಜವಾಗಿ ಮುಖ್ಯವಾಗುವುದು ಇಬ್ಬರಿಗೆ. 300ಕ್ಕಿಂತ ದೊಡ್ಡ ಜಾಗ ಇದ್ದವರಿಗೆ ಮತ್ತು ಕೆಳಗಿನ ಅಂಗಡಿ, ಹೋಟೆಲಿನವರಿಗೆ. ವ್ಯಾಪಾರದ ಜಾಗಕ್ಕೆ 300ರ ಭರವಸೆ ಇಲ್ಲ. ಹಳೆಯದರಲ್ಲಿ ಎಷ್ಟಿತ್ತೋ ಅಷ್ಟೇ. ನಮ್ಮವರ ಹೋಟೆಲುಗಳಲ್ಲಿ ಅಡುಗೆಮನೆ ಹಿಂದಿನ ಓಣಿಗೆ ಬೆಳೆದಿರುತ್ತದೆ, ಗಲ್ಲಾ ಮೆಟ್ಟಿಲ ಬುಡದಲ್ಲಿರುತ್ತದೆ. ರಸೀದಿಯಲ್ಲಿ ಬರೆದ ಜಾಗ ಎಷ್ಟು, ಗುಮಾಸ್ತಾ ಲೈಸೆನ್ಸಿನ (ಅಂಗಡಿ ನೋಂದಣಿಯ) ವಿಳಾಸ ಯಾವುದು, ಲೈಸೆನ್ಸ್ ಹಳೆ ಪಾಲುದಾರರ ಹೆಸರಲ್ಲೇ ಇದೆಯಾ, ಎಲ್ಲವನ್ನೂ ಈಗಲೇ ತಾಳೆ ನೋಡಿ. ಹೋಟೆಲಿನವರು ಮೀಟಿಂಗಿಗೆ ಬರುವುದಿಲ್ಲ, ಬೆಳಿಗ್ಗೆ ಐದಕ್ಕೆ ಶುರುವಾದ ಕೆಲಸ ಅವರದ್ದು. ಮಧ್ಯಾಹ್ನ ಮೂರರ ಹೊತ್ತಿಗೆ ನೀವೇ ಅವರಲ್ಲಿಗೆ ಹೋಗಿ.

1996ರ ಜೂನ್ 13ರ ನಂತರ ಹೊಸದಾಗಿ ಹುಟ್ಟಿಸಿದ ಬಾಡಿಗೆ ಹಕ್ಕನ್ನು 33(7)ರಲ್ಲಿ ಪರಿಗಣಿಸುವುದಿಲ್ಲ. ಒಂದು ಖೋಲಿಯನ್ನು ಎರಡು ಮಾಡಿ ಎರಡು ರಸೀದಿ ಕೊಡಿಸುತ್ತೇನೆ ಎಂದು ಈಗ ಬರುವವನು ನಿಮ್ಮ ದುಡ್ಡು ನುಂಗಲು ಬಂದವನು.

ಕೊನೆಗೆ ಅಧಿಕೃತ ಪಟ್ಟಿಯನ್ನು ಪ್ರಮಾಣೀಕರಿಸುವುದು ಮ್ಹಾಡಾದ ಮಂಡಳಿಯೇ. ಹಾಗಾದರೆ ನಮ್ಮ ಪುಸ್ತಕ ಯಾಕೆ? ಅವರ ಪಟ್ಟಿ ಹೊರಬಂದಾಗ ಯಾವ ಹೆಸರು ಬಿಟ್ಟುಹೋಗಿದೆ, ಯಾವ ಹೊಸ ಹೆಸರು ನುಸುಳಿದೆ ಎಂದು ಒಂದೇ ಸಂಜೆಯಲ್ಲಿ ಹಿಡಿಯಲು.

ಹಂತ 4: ಸೊಸೈಟಿ

ಇದು ಸುಲಭ. ಸಭೆ ಕರೆಯಿರಿ, ಮುಖ್ಯ ಪ್ರವರ್ತಕರನ್ನು ಆರಿಸಿ, ಸಹಕಾರ ಇಲಾಖೆಯ ಉಪನಿಬಂಧಕರ ಕಚೇರಿಯಲ್ಲಿ ಹೆಸರು ಕಾದಿರಿಸಿ, ಬ್ಯಾಂಕ್ ಖಾತೆ ತೆರೆಯಿರಿ. ನೋಂದಣಿ ಆಗುವವರೆಗೆ ಹೆಸರಿನ ಮುಂದೆ ‘ನಿಯೋಜಿತ’ ಎಂದಿರುತ್ತದೆ. ಮಾದರಿ ಬೈಲಾ ಪ್ರಕಾರ ಪ್ರತಿ ಸದಸ್ಯರ ಶೇರು ಹಣ ಒಟ್ಟು 500 ರೂಪಾಯಿ, ಪ್ರವೇಶ ಶುಲ್ಕ 100.

ಪ್ರವರ್ತಕರ ಬಗ್ಗೆ ಒಂದೇ ಮಾತು. ಚಾಳಿನ ಪುಢಾರಿಯನ್ನು ಬಿಡಿ, ಲೆಕ್ಕ ಬರೆಯುವ ಅಭ್ಯಾಸ ಇರುವವರನ್ನು ಆರಿಸಿ. ಬ್ಯಾಂಕಿನಿಂದ ನಿವೃತ್ತರಾದವರು ಅಥವಾ ವರ್ಷಗಟ್ಟಲೆ ಚೀಟಿ ನಡೆಸಿ ಯಾರ ಹತ್ತಿರವೂ ಮಾತು ಕೇಳದ ಅಕ್ಕ ಯಾರಾದರೂ ಇದ್ದರೆ ಅವರೇ ಸರಿ. ಮೀಟಿಂಗಿನ ನಡಾವಳಿ ಮರಾಠಿಯಲ್ಲಿರುತ್ತದೆ. ಓದಲು ಬಾರದ ಹಿರಿಯರಿಗೆ ಅವರ ಭಾಷೆಯಲ್ಲಿ ಓದಿ ಹೇಳಿಯೇ ಸಹಿ ಪಡೆಯಿರಿ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ತೋರಿಸಿದ್ದು ಒಪ್ಪಿಗೆ ಅಲ್ಲ.

ಹಂತ 5: ಜಾಗ ನಿಮ್ಮ ಹೆಸರಿಗೆ ಬರುವ ದಾರಿಗಳು

ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 1980ರಿಂದ ಒಂದು ಕಾನೂನಿದೆ. ಬಾಡಿಗೆ ಕಟ್ಟಡ ಮಾರಬೇಕಾದರೆ ಕೊಳ್ಳುವ ಮೊದಲ ಅವಕಾಶ ಬಾಡಿಗೆದಾರರಿಗೆ. ಅವರು ಸಂಘ ಕಟ್ಟಿಕೊಂಡು ಕೊಂಡ ಕಟ್ಟಡಗಳು ಅಲ್ಲಿ ಸಾಕಷ್ಟಿವೆ. ಮುಂಬೈಯಲ್ಲಿ ಅಂಥ ಹಕ್ಕು ಇಲ್ಲ. ಮಾಲೀಕರು ನಿಮ್ಮನ್ನು ಸೇರಿಸಿಯೇ ಕಟ್ಟಡವನ್ನು ಇನ್ನೊಬ್ಬರಿಗೆ ಮಾರಬಹುದು. ನಿಮಗೆ ಗೊತ್ತಾಗುವುದು ಹೊಸ ಹೆಸರಿನ ರಸೀದಿ ಬಂದಾಗ.

ಹಾಗಾಗಿ ಮೊದಲ ದಾರಿ: ನೀವೇ ಹೋಗಿ ಕೇಳುವುದು. ಮಾಲೀಕರ ಮನೆಯಲ್ಲೂ ಪಾಲು ಹಂಚಿ ಹೋಗಿರುತ್ತದೆ, ಬರುವ ಬಾಡಿಗೆಯಿಂದ ಅವರಿಗೂ ಸುಖವಿಲ್ಲ. ಕಾಯ್ದೆ ಅವರಿಗೆ ವರ್ಷಕ್ಕೆ ಶೇ 4ರಷ್ಟು ಏರಿಕೆ ಕೊಡುತ್ತದೆ, ಅಷ್ಟೇ. ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ ಬರವಣಿಗೆಯಲ್ಲೇ ಕೇಳಿ. ಇಲ್ಲ ಅಂದರೂ ನಷ್ಟವಿಲ್ಲ, ಪತ್ರ ದಾಖಲೆಯಾಗುತ್ತದೆ.

ಎರಡನೆಯದು ಬಹಳ ಜನ ಕಾಯುತ್ತಾ ಕೂತ ದಾರಿ. ಮ್ಹಾಡಾ ಕಾಯ್ದೆಗೆ 1986ರಲ್ಲಿ 8-ಎ ಅಧ್ಯಾಯ ಸೇರಿತು. ಶೇ 70ರಷ್ಟು ನಿವಾಸಿಗಳು ಸೊಸೈಟಿ ಕಟ್ಟಿ ಕೇಳಿದರೆ, ತಿಂಗಳ ಬಾಡಿಗೆಯ 100 ಪಟ್ಟು ಕೊಟ್ಟು ಕಟ್ಟಡವನ್ನು ವಶಪಡಿಸಿ ಸೊಸೈಟಿಗೆ ಕೊಡಬಹುದು ಎಂಬುದು ಅದರ ಸಾರ. ಲೆಕ್ಕ ಹಾಕಿ ನೋಡಿ. 30 ಖೋಲಿ, ತಲಾ 200 ರೂಪಾಯಿ ಬಾಡಿಗೆ ಅಂದರೆ ತಿಂಗಳಿಗೆ 6,000. ನೂರು ಪಟ್ಟು ಅಂದರೆ 6 ಲಕ್ಷಕ್ಕೆ ಇಡೀ ಕಟ್ಟಡ! ಮಾಲೀಕರು ಸುಮ್ಮನಿರುತ್ತಾರಾ? ಪ್ರಾಪರ್ಟಿ ಓನರ್ಸ್ ಅಸೋಸಿಯೇಷನ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ದಶಕಗಳ ಕಾಲ ಕೂತಿತು. 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿ ಆಸ್ತಿಯೆಲ್ಲವೂ ಸಂವಿಧಾನದ 39(ಬಿ) ವಿಧಿ (8-ಎ ಅಧ್ಯಾಯಕ್ಕೆ ಆಧಾರ ಕೊಟ್ಟಿದ್ದು ಇದೇ) ಹೇಳುವ ಸಮುದಾಯದ ಸಂಪನ್ಮೂಲ ಅಲ್ಲ ಎಂದಿತು. ಕನ್ನಡದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅದರಲ್ಲಿ ಪ್ರತ್ಯೇಕ ತೀರ್ಪು ಬರೆದಿದ್ದಾರೆ. ನನ್ನ ಸಲಹೆ ಸ್ಪಷ್ಟ. ನೂರು ಪಟ್ಟಿನ ಆಸೆಯಲ್ಲಿ ಕೂರಬೇಡಿ.

ಮೂರನೆಯದು ಈಗ ಹೆಚ್ಚು ನಡೆಯುವ ದಾರಿ, 33(7) ಮರುನಿರ್ಮಾಣ. ಇದಕ್ಕೆ ಶೇ 51ರಷ್ಟು ನಿವಾಸಿಗಳ ಲಿಖಿತ ಸಮ್ಮತಿ ಬೇಕು. ಆ ಸಮ್ಮತಿಯನ್ನು ಹಿಂತೆಗೆಯುವಂತಿಲ್ಲ. ಆದ್ದರಿಂದಲೇ ಅದು ನಿಮ್ಮ ಕೈಯಲ್ಲಿರುವ ಏಕೈಕ ಹತ್ಯಾರು. ಬಿಲ್ಡರ್ ಹೆಸರು ಬರೆಯದೆ ಖಾಲಿ ಬಿಟ್ಟ ಸಮ್ಮತಿ ಪತ್ರಕ್ಕೆ ಸಹಿ ಹಾಕುವುದೆಂದರೆ ಖಾಲಿ ಚೆಕ್ ಕೊಟ್ಟ ಹಾಗೆ. ಜಾಗ ಎಷ್ಟು, ಎಷ್ಟು ತಿಂಗಳಲ್ಲಿ, ತಡವಾದರೆ ಏನು, ಎಲ್ಲ ಸೊಸೈಟಿಯ ಠರಾವಿನಲ್ಲಿ ಬಂದ ಮೇಲೆಯೇ ಸಹಿ.

ಸೊಸೈಟಿಯೇ ಕಟ್ಟಿಸುವ ಸ್ವಯಂ ಪುನರ್ವಿಕಾಸವೂ ಇದೆ. ಮುಂಬೈ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಅದಕ್ಕೆ ಸಾಲ ಕೊಡುತ್ತದೆ. ಆದರೆ ಅದು ಜಾಗ ಸೊಸೈಟಿಯದ್ದೇ ಆಗಿದ್ದವರಿಗೆ ಹೊಂದುವ ದಾರಿ. ಮೊದಲ ದಾರಿಯಲ್ಲಿ ಗೆದ್ದವರು ಖಂಡಿತ ಯೋಚಿಸಿ, ಲಾಭ ಚಾಳಿನಲ್ಲೇ ಉಳಿಯುತ್ತದೆ.

ಕಟ್ಟಡ ಅಪಾಯಕಾರಿ ಎಂದು ಘೋಷಣೆಯಾದರೆ ಮ್ಹಾಡಾ ಕಾಯ್ದೆಯ 79-ಎ ಕಲಮು ಬರುತ್ತದೆ. ಮಾಲೀಕರಿಗೆ ಆರು ತಿಂಗಳು. ಅವರು ಪ್ರಸ್ತಾವ ತರದಿದ್ದರೆ ಬಾಡಿಗೆದಾರರ ಸೊಸೈಟಿಗೆ ಆರು ತಿಂಗಳು. ಆಮೇಲೆ ಮ್ಹಾಡಾವೇ ವಹಿಸಿಕೊಳ್ಳಬಹುದು. ಪಟ್ಟಿ, ಸೊಸೈಟಿ ಮೊದಲೇ ಇದ್ದವರಿಗೆ ಆರು ತಿಂಗಳು ಧಾರಾಳ. ಇಲ್ಲದವರಿಗೆ ರಸೀದಿ ಹುಡುಕುವಷ್ಟರಲ್ಲೇ ಮುಗಿಯುತ್ತದೆ. ಈ ನೋಟಿಸನ್ನು ಯಾರು, ಯಾವ ಘೋಷಣೆಯ ಮೇಲೆ ಕೊಡಬೇಕು ಎಂಬುದರಲ್ಲಿ ತಕರಾರಾಗಿ 2025ರಲ್ಲಿ ವಿಷಯ ಬಾಂಬೆ ಹೈಕೋರ್ಟಿನವರೆಗೂ ಹೋಗಿತ್ತು. ಹಾಗಾಗಿ ನಿಮ್ಮ ನೋಟಿಸಿನ ಸ್ಥಿತಿಯನ್ನು ವಕೀಲರಿಗೆ ತೋರಿಸಿಯೇ ಹೆಜ್ಜೆ ಇಡಿ. ಸಹಕಾರ ಸಂಘಗಳ ಕಾಯ್ದೆಯಲ್ಲೂ ಒಂದು 79-ಎ ಇದೆ. ಅದು ನೋಂದಾಯಿತ ಸೊಸೈಟಿಗಳು ಪುನರ್ವಿಕಾಸದ ಸಭೆ ಹೇಗೆ ನಡೆಸಬೇಕು, ವಿಡಿಯೋ ಹೇಗೆ ಮಾಡಬೇಕು ಎಂಬ ನಿಯಮಗಳದ್ದು. ಮೀಟಿಂಗಿನಲ್ಲಿ ಅರ್ಧ ಜನ ಒಂದನ್ನು, ಇನ್ನರ್ಧ ಜನ ಇನ್ನೊಂದನ್ನು ಹಿಡಿದು ಕೂಗಾಡುತ್ತಿರುತ್ತಾರೆ. ಯಾವ ಕಾಯ್ದೆಯ 79-ಎ ಅಂತ ಮೊದಲು ಕೇಳಿ.

ಹಂತ 6: ಖಾಲಿ ಮಾಡುವ ಮೊದಲು

ಪಾಲಿಕೆ ಕಾಯ್ದೆಯ 354ನೇ ಕಲಮಿನ ನೋಟಿಸ್ ಬಂದು ಕಟ್ಟಡ ಸಿ-1 (ತೀರಾ ಅಪಾಯಕಾರಿ, ಖಾಲಿ ಮಾಡಲೇಬೇಕಾದದ್ದು) ಎಂದಾದರೆ ಹಟ ಮಾಡಬೇಡಿ, ಇಳಿದು ಬನ್ನಿ. 2017ರ ಆಗಸ್ಟಿನಲ್ಲಿ ಭೇಂಡಿ ಬಜಾರಿನ ಹುಸೈನಿ ಬಿಲ್ಡಿಂಗ್ ಕುಸಿದು 33 ಜನ ಸತ್ತರು. ಇಳಿದರೆ ಹಕ್ಕು ಹೋಗುತ್ತದೆ ಎಂಬ ಭಯಕ್ಕೆ ಜನ ಬಿರುಕು ಗೋಡೆಯ ಕೆಳಗೆ ಮಲಗುತ್ತಾರೆ. ಕಟ್ಟಡ ನೆಲಸಮವಾದ ಮಾತ್ರಕ್ಕೆ ಬಾಡಿಗೆ ಹಕ್ಕು ಸಾಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಶಹಾ ರತನ್ಸಿ ಖಿಮ್ಜಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಇಳಿಯುವ ಮೊದಲು ಯಾರು ಎಷ್ಟು ಜಾಗದಲ್ಲಿದ್ದರು ಎಂಬ ಪಟ್ಟಿಯನ್ನು ಪಾಲಿಕೆಯಿಂದ ಬರವಣಿಗೆಯಲ್ಲಿ ಪಡೆಯಿರಿ. ನಿಮ್ಮ ಲೆಡ್ಜರ್ ಜೊತೆ ತಾಳೆ ನೋಡಿ.

ಬಿಲ್ಡರ್ ಜೊತೆ ಹೋಗುವವರು, ಪರ್ಯಾಯ ವಸತಿಯ ಕರಾರು ಪ್ರತಿ ಬಾಡಿಗೆದಾರರ ಹೆಸರಿನಲ್ಲೂ ನೋಂದಣಿಯಾಗದೆ ಬೀಗದ ಕೈ ಕೊಡಬೇಡಿ. ಹೊರಗಿನ ಮನೆಯ ಬಾಡಿಗೆಯನ್ನು ಒಂದು ವರ್ಷದ್ದು ಮುಂಗಡ, ಉಳಿದದ್ದಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿ. ಮುಂದಿನ ದಿನಾಂಕದ ಚೆಕ್ಕುಗಳ ಕಟ್ಟು ನೋಡಿ ಮರುಳಾಗಬೇಡಿ. ಮೊದಲ ಹತ್ತು ಪಾಸಾಗಿ ಹನ್ನೊಂದನೆಯದು ವಾಪಸ್ ಬಂದ ಮೇಲೆ ಮುದುಕರು ಮಗಳ ಮನೆಯಲ್ಲೋ ಟ್ರಾನ್ಸಿಟ್ ಕ್ಯಾಂಪಿನಲ್ಲೋ ವರ್ಷಗಟ್ಟಲೆ ಕಳೆದ ಉದಾಹರಣೆಗಳು ಎಷ್ಟೋ ಇವೆ.

ಕಾರ್ಪಸ್ ಹಣದ (ಬಿಲ್ಡರ್ ಬಾಡಿಗೆದಾರರಿಗೆ ಕೊಡುವ ಇಡುಗಂಟಿನ) ವಿಷಯದಲ್ಲಿ ಬಹಳ ಜನರಿಗೆ ನನ್ನ ಮಾತು ಹಿಡಿಸುವುದಿಲ್ಲ, ಆದರೂ ಹೇಳುತ್ತೇನೆ. ಅದನ್ನು ತಲಾ ಇಷ್ಟು ಅಂತ ಹಂಚಿಕೊಳ್ಳಬೇಡಿ. ಸೊಸೈಟಿಯ ಹೆಸರಿನಲ್ಲೇ ಠೇವಣಿ ಇಡಿ. ಕೆಲವು ನೂರು ರೂಪಾಯಿ ಬಾಡಿಗೆ ಕಟ್ಟುತ್ತಿದ್ದವರಿಗೆ ಹೊಸ ಕಟ್ಟಡದಲ್ಲಿ ಲಿಫ್ಟ್, ಪಂಪು, ವಾಚ್‌ಮನ್, ಪಾಲಿಕೆಯ ತೆರಿಗೆ ಸೇರಿ ಮೇಂಟೆನೆನ್ಸೇ ಸಾವಿರಗಟ್ಟಲೆ ಬರುತ್ತದೆ. ಪಿಂಚಣಿಯ ಮೇಲೆ ಬದುಕುವವರು ಎರಡು ವರ್ಷ ಎಳೆದಾಡಿ, ಮಾರಿಕೊಂಡು ವಿರಾರ್, ಬದಲಾಪುರದ ಕಡೆ ಹೋಗುತ್ತಾರೆ. ಗೂಂಡಾ ಕಳಿಸದೆಯೇ ಚಾಳು ಖಾಲಿಯಾಗುವುದು ಹೀಗೆ. ಠೇವಣಿಯ ಬಡ್ಡಿ ಮೇಂಟೆನೆನ್ಸಿಗೆ ಹೋದರೆ ಅವರು ಉಳಿಯುತ್ತಾರೆ.

ಹಂತ 7: ಕನ್ವೇಯನ್ಸ್

ಫ್ಲ್ಯಾಟಿನ ಬೀಗದ ಕೈ ಸಿಕ್ಕಿ ಸತ್ಯನಾರಾಯಣ ಪೂಜೆ ಆದ ಮೇಲೆ ಮೀಟಿಂಗಿಗೆ ಯಾರೂ ಬರುವುದಿಲ್ಲ. ಆದರೆ ಜಾಗ ಇನ್ನೂ ಸೊಸೈಟಿಯದ್ದಾಗಿಲ್ಲ. ಜಾಗ ಮತ್ತು ಕಟ್ಟಡವನ್ನು ಸೊಸೈಟಿಗೆ ಬರೆದುಕೊಡುವ ಕನ್ವೇಯನ್ಸ್ ಆಗುವವರೆಗೆ ನೀವು ಫ್ಲ್ಯಾಟಿನವರು ಮಾತ್ರ. ಮುಂದೆ ಇನ್ನೂ ಹೆಚ್ಚು ಕಟ್ಟುವ ಅವಕಾಶ, ಅಂದರೆ ಹೆಚ್ಚುವರಿ ಎಫ್‌ಎಸ್‌ಐ ಬಂದರೆ ಅದನ್ನು ಬೇರೆಯವರು ತಿನ್ನುತ್ತಾರೆ. ಬರೆದುಕೊಡಲು ಸತಾಯಿಸಿದರೆ ಜಿಲ್ಲಾ ಉಪನಿಬಂಧಕರ ಮುಂದೆ ಡೀಮ್ಡ್ ಕನ್ವೇಯನ್ಸಿಗೆ ಅರ್ಜಿ ಹಾಕಿ. ಮಾಲೀಕರ, ಬಿಲ್ಡರ್‌ನ ಸಹಿ ಇಲ್ಲದೆಯೂ ಅದು ಆಗುತ್ತದೆ.

ಪತ್ರ ನೋಂದಣಿಯಾಯಿತು ಎಂದು ಫೈಲ್ ಕಟ್ಟಿಡಬೇಡಿ. ಮೊದಲ ಹಂತದಲ್ಲಿ ಹೋಗಿದ್ದ ಅದೇ ಕಚೇರಿಯಲ್ಲಿ ಸೊಸೈಟಿಯ ಹೆಸರಿಗೆ ಬದಲಾವಣೆ ಮಾಡಿಸಿ, ಹೊಸ ಪ್ರಾಪರ್ಟಿ ಕಾರ್ಡಿನ ಪ್ರತಿ ತೆಗೆಸಿ. ಸೊಸೈಟಿಯ ಹೆಸರಿನಲ್ಲಿ ಅಕ್ಷರ ತಪ್ಪಿದ್ದರೆ ಆಗಲೇ ತಿದ್ದಿಸಿ. ಸಾಲಕ್ಕೆ ಹೋದಾಗ ಬ್ಯಾಂಕಿನವರು ಮೊದಲು ನೋಡುವುದು ಅದನ್ನೇ.